ಮಾತ್ರೆ ಶುರುವಾದ ಮೇಲೆ ದಪ್ಪ ಆಗ್ತಿದ್ದೀನಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ತುಮಕೂರು ಕಡೆಯ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. 2016ರಿಂದ ಬೈಪೋಲಾರ್ ಕಾಯಿಲೆಗೆ (ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ಕುಸಿಯುವ ಕಾಯಿಲೆ) ಲಿಥಿಯಂ ಮತ್ತು ಒಲಾಂಜಪಿನ್ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ಎಂಟು ತಿಂಗಳಲ್ಲಿ 54 ಕೆಜಿಯಿಂದ 71 ಕೆಜಿಗೆ ಹೋದೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ಪಕ್ಕ ಕೂತವರು, ನೆಂಟರ ನೆಂಟರು, ಗೊತ್ತೇ ಇಲ್ಲದವರು ಕೂಡ ಫೋನ್ ಮಾಡಿ ಅವೇ ಪ್ರಶ್ನೆ ಕೇಳುತ್ತಾರೆ. ಹೇಳಿದ್ದನ್ನೇ ಹೇಳಿ ಬಾಯಿ ನೋಯಿತು, ಅದಕ್ಕೇ ಬರೆದಿಟ್ಟೆ. ನಿಮ್ಮ ಡೋಸ್ ಎಷ್ಟಿರಬೇಕು ಎಂದು ಮಾತ್ರ ನನ್ನನ್ನು ಕೇಳಬೇಡಿ.

ಮಾತ್ರೆಯಿಂದಲೇ ದಪ್ಪ ಆಗ್ತೀವಾ, ಇಲ್ಲ ನಾನೇ ಜಾಸ್ತಿ ತಿಂತಿದ್ದೀನಾ?

ಎರಡೂ ಹೌದು. ತಿನ್ನುತ್ತಿರುವುದು ನೀವೇ, ತಿನ್ನಿಸುತ್ತಿರುವುದು ಮಾತ್ರೆ. "ಸಾಕು, ಹೊಟ್ಟೆ ತುಂಬಿತು" ಎಂದು ಮೆದುಳಿಗೆ ತಿಳಿಯುವುದರಲ್ಲಿ ಹಿಸ್ಟಮಿನ್, ಸೆರೊಟೋನಿನ್ ಎಂಬ ರಾಸಾಯನಿಕಗಳ ಕೈವಾಡ ಇದೆ. ಒಲಾಂಜಪಿನ್‌ನಂಥ ಮಾತ್ರೆಗಳು ಅವಕ್ಕೆ ಅಡ್ಡ ನಿಲ್ಲುತ್ತವೆ. ಹೊಟ್ಟೆ ತುಂಬಿರುತ್ತದೆ, ಸುದ್ದಿ ಮೇಲೆ ಹೋಗುವುದಿಲ್ಲ. ನಾನಂತೂ ಮೂರು ಚಪಾತಿ ತಿಂದು ಎದ್ದು ಕೈ ತೊಳೆಯುವಷ್ಟರಲ್ಲಿ ಮತ್ತೆ ಹಸಿದಿರುತ್ತಿದ್ದೆ.

ಒಂದು ತಮಾಷೆ ನೋಡಿ. ಸಣಕಲು ಮಕ್ಕಳಿಗೆ "ಹಸಿವು ಆಗೋ ಸಿರಪ್" ಕೊಡಿಸುತ್ತಾರಲ್ಲ, ಅದರಲ್ಲಿ ಎಷ್ಟೋ ಸಲ ಇರುವುದು ಸೈಪ್ರೊಹೆಪ್ಟಡಿನ್. ಅದು ಮೂಲತಃ ಅಲರ್ಜಿಯ ಔಷಧ, ಅದೂ ಹಿಸ್ಟಮಿನ್‌ಗೇ ಅಡ್ಡ ಹಾಕುವುದು. ಅಲ್ಲಿ ಹಸಿವಾದರೆ ಔಷಧ ಕೆಲಸ ಮಾಡಿತು ಎನ್ನುತ್ತಾರೆ. ನಮಗೆ ಅದೇ ಹಸಿವಾದರೆ "ಬಾಯಿ ಕಟ್ಟೋಕಾಗಲ್ವಾ" ಎನ್ನುತ್ತಾರೆ.

ಇನ್ನೊಂದು ವಿಷಯ. ಕೆಲವರಿಗೆ ತೂಕ ಅಷ್ಟೇನೂ ಏರದಿದ್ದರೂ ರಕ್ತದಲ್ಲಿ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರುತ್ತವೆ. ಸಣ್ಣಗಿದ್ದೀನಿ, ನನಗೇನೂ ಇಲ್ಲ ಎಂದು ರಕ್ತ ಪರೀಕ್ಷೆ ತಪ್ಪಿಸಬೇಡಿ.

ಯಾವ ಮಾತ್ರೆಗೆ ತೂಕ ಜಾಸ್ತಿ ಏರುತ್ತೆ?

ಮನಸ್ಸಿನ ಕಾಯಿಲೆಯ ಮಾತ್ರೆಗಳಲ್ಲಿ ಒಲಾಂಜಪಿನ್ ಮತ್ತು ಕ್ಲೋಜಪಿನ್ ಎಲ್ಲಕ್ಕಿಂತ ಮುಂದೆ. ಕ್ವೆಟಿಯಾಪಿನ್, ರಿಸ್ಪೆರಿಡೋನ್ ನಡುವೆ. ಅರಿಪಿಪ್ರಜೋಲ್, ಲುರಾಸಿಡೋನ್, ಜಿಪ್ರಾಸಿಡೋನ್ ಕಡಿಮೆ. ಮೂಡ್ ಸರಿ ಇಡುವ ಮಾತ್ರೆಗಳಲ್ಲಿ ವ್ಯಾಲ್‌ಪ್ರೋಯೇಟ್, ಲಿಥಿಯಂ ಎರಡೂ ಏರಿಸುತ್ತವೆ, ಲ್ಯಾಮೊಟ್ರಿಜಿನ್ ಸಾಮಾನ್ಯವಾಗಿ ಏರಿಸುವುದಿಲ್ಲ. ಖಿನ್ನತೆಯ ಮಾತ್ರೆಗಳಲ್ಲಿ ಮಿರ್ಟಜಪಿನ್, ಅಮಿಟ್ರಿಪ್ಟಿಲಿನ್, ಪ್ಯಾರೊಕ್ಸೆಟಿನ್ ಮೇಲೆ ಕಣ್ಣಿಡಿ. ಫ್ಲೂಆಕ್ಸೆಟಿನ್, ಬುಪ್ರೊಪಿಯಾನ್ ಅಷ್ಟು ಕಾಡುವುದಿಲ್ಲ.

ಇದನ್ನು ಓದಿ "ನನಗೆ ತೂಕ ಕಡಿಮೆ ಏರಿಸೋದೇ ಕೊಡಿ" ಎಂದು ಹೊರಡಬೇಡಿ. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಗೇ ಕ್ಲೋಜಪಿನ್ ಕೊಡುವುದು. ರಕ್ತದ ಬಿಳಿಕಣ ಕುಸಿದು ಜನ ಸತ್ತ ಕಾರಣಕ್ಕೆ 1970ರ ದಶಕದಲ್ಲಿ ಅದು ಹಲವು ದೇಶಗಳಲ್ಲಿ ಮೂಲೆ ಸೇರಿತ್ತು. ಬೇರೆ ಮಾತ್ರೆ ಸೋತಲ್ಲಿ ಅದು ಗೆಲ್ಲುತ್ತದೆ ಎಂದು 1988ರಲ್ಲಿ ಅಮೆರಿಕದ ಅಧ್ಯಯನ ತೋರಿಸಿದ ಮೇಲೆ ರಕ್ತ ಪರೀಕ್ಷೆಯ ಷರತ್ತಿನೊಂದಿಗೆ ವಾಪಸ್ ಬಂತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡಿದ್ದಾರೆ ಎಂದರೆ ಸುಮ್ನೆ ಅಲ್ಲ.

ನಂದು ಮನಸ್ಸಿನ ಕಾಯಿಲೆ ಅಲ್ಲ. ಆದ್ರೂ ಊದಿಕೊಳ್ತಿದ್ದೀನಿ.

ಚೀಟಿ ತೆಗೆದು ನೋಡಿ. ಪ್ರೆಡ್ನಿಸೋಲೋನ್‌ನಂಥ ಸ್ಟೀರಾಯ್ಡ್ ಇದ್ದರೆ ಹಸಿವು ಏರುತ್ತದೆ, ಮುಖ ಗುಂಡಗಾಗುತ್ತದೆ. ಕೆಲವು ವಾರ ತೆಗೆದುಕೊಂಡ ಮೇಲೆ ಅದನ್ನು ದಿಢೀರನೆ ನಿಲ್ಲಿಸುವುದು ಅಪಾಯ, ಡಾಕ್ಟರ್ ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್, ಗ್ಲಿಮೆಪಿರೈಡ್, ಪಯೋಗ್ಲಿಟಜೋನ್ ತೂಕ ಏರಿಸಬಹುದು. ನರದ ನೋವಿಗೆ ಕೊಡುವ ಪ್ರಿಗಬಾಲಿನ್ ಕೂಡ. ಬಿಪಿಯ ಆಮ್ಲೊಡಿಪಿನ್‌ನಿಂದ ಕಾಲು ಊದಿದರೆ ಅದು ಕೊಬ್ಬಲ್ಲ, ನೀರು. ಕೆಳಗಿನ ಮಾತುಗಳಲ್ಲಿ ಅರ್ಧಕ್ಕರ್ಧ ನಿಮಗೂ ಒಪ್ಪುತ್ತವೆ.

ಮಾತ್ರೆ ನಿಲ್ಲಿಸಿಬಿಡ್ಲಾ?

ಇದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನಾನು ನಿಲ್ಲಿಸಿದವಳು.

2018ರಲ್ಲಿ ತಂಗಿಯ ಮದುವೆಗೆ ಎರಡು ತಿಂಗಳಿತ್ತು. ರೇಷ್ಮೆ ಸೀರೆಯ ಬ್ಲೌಸ್ ಹಿಡಿದುಕೊಂಡು ಟೈಲರ್ ಹತ್ತಿರ ಹೋದೆ. ಆಕೆ ಅದನ್ನು ಒಳಮಗ್ಗುಲು ತಿರುಗಿಸಿದರು. ಪಕ್ಕದಲ್ಲಿ ಮೂರು ಸಾಲು ಹೊಲಿಗೆ ಬಿಚ್ಚಿದ ಗುರುತು, ಸೂಜಿಯ ಸಣ್ಣ ಸಣ್ಣ ತೂತು. ಅಂಚಿನವರೆಗೂ ಬಂದಿದ್ದೆವು. "ಇನ್ನು ಬಿಡೋಕೆ ಬಟ್ಟೆ ಇಲ್ಲ ಕಣಮ್ಮ" ಅಂದರು. ಬೈದಿರಲಿಲ್ಲ, ಇದ್ದದ್ದು ಹೇಳಿದರು ಅಷ್ಟೇ. ಅವತ್ತು ರಾತ್ರಿಯಿಂದ ಮಾತ್ರೆ ತೆಗೆದುಕೊಳ್ಳಲಿಲ್ಲ. ಎರಡನ್ನೂ. ಯಾರಿಗೂ ಹೇಳಲಿಲ್ಲ. ದಿನಕ್ಕೊಂದು ಮಾತ್ರೆ ಪಟ್ಟಿಯಿಂದ ಒಡೆದು ಬಚ್ಚಲಿಗೆ ಹಾಕುತ್ತಿದ್ದೆ, ಅಮ್ಮ ಖಾಲಿ ಪಟ್ಟಿ ಎಣಿಸುತ್ತಿದ್ದರಲ್ಲ.

ಮೊದಲ ಮೂರು ವಾರ ಸ್ವರ್ಗ. ಹಸಿವು ಇಳಿಯಿತು, 3 ಕೆಜಿ ಇಳಿಯಿತು, ತಲೆ ಹಗುರವಾಯಿತು. ಈ ಮೂರು ವಾರಕ್ಕೇ ಎಲ್ಲರೂ ಮೋಸ ಹೋಗುವುದು. ನಾಲ್ಕನೇ ವಾರ ನಿದ್ದೆ ಹೋಯಿತು. ಒಂದು ರಾತ್ರಿ ಮೂರು ಗಂಟೆಗೆ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಗಳನ್ನೆಲ್ಲಾ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕುತ್ತಾ ಕೂತಿದ್ದೆ. ಇಪ್ಪತ್ತೋ ಮೂವತ್ತೋ ಪಾತ್ರೆ. ತಂಗಿ ಎದ್ದು ಬಂದು ನನ್ನ ಮುಖ ನೋಡಿ ಅಲ್ಲೇ ಕುಸಿದು ಕೂತಳು. 19 ದಿನ ಆಸ್ಪತ್ರೆ. ಮದುವೆ ಆ 19 ದಿನಗಳ ನಡುವೆಯೇ ಆಯಿತು. ಬ್ಲೌಸ್ ಆಗುತ್ತಿತ್ತು, ಹಾಕಿಕೊಳ್ಳಲು ನಾನು ಅಲ್ಲಿರಲಿಲ್ಲ.

ಹೊರಗೆ ಬಂದಾಗ ಒಲಾಂಜಪಿನ್ ಡೋಸ್ ಮೊದಲಿಗಿಂತ ಜಾಸ್ತಿ ಆಗಿತ್ತು. ತೂಕವೂ. ಲಿಥಿಯಂ ದಿಢೀರನೆ ಬಿಟ್ಟರೆ ಕಾಯಿಲೆ ಬೇಗ ಮರಳುತ್ತದೆ ಎಂಬುದು ಡಾಕ್ಟರುಗಳಿಗೆಲ್ಲಾ ಗೊತ್ತಿರುವ ವಿಷಯ. ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹಾಗಾಗಿ ಮಾತ್ರೆ ನುಂಗಿಕೊಂಡೇ ಜಗಳ ಮಾಡಿ. ಬದಲಾಯಿಸಬಹುದು, ಡೋಸ್ ಇಳಿಸಬಹುದು, ಜೊತೆಗೆ ಬೇರೆ ಸೇರಿಸಬಹುದು. ಅದೆಲ್ಲಾ ವಾರಗಟ್ಟಲೆ ನಿಧಾನವಾಗಿ, ಡಾಕ್ಟರ್ ಕಣ್ಣೆದುರಿಗೆ ಆಗಬೇಕು.

ಡಾಕ್ಟರ್‌ಗೆ ಹೇಳಿದ್ರೆ "ವಾಕಿಂಗ್ ಮಾಡಿ" ಅಂತಾರೆ ಅಷ್ಟೇ. ಏನು ಮಾಡೋದು?

ನನಗೂ ಹಾಗೇ ಆಯಿತು. ಹೊರಗೆ ಅರವತ್ತು ಜನ ಕಾಯುತ್ತಿದ್ದರು, ನನಗೆ ಸಿಕ್ಕಿದ್ದು ಮೂರು ನಿಮಿಷ. "ದಪ್ಪ ಆಗ್ತಿದ್ದೀನಿ ಸರ್" ಅಂದೆ. "ಎಲ್ಲರಿಗೂ ಆಗುತ್ತಮ್ಮ, ವಾಕಿಂಗ್ ಮಾಡಿ" ಅಂದರು. ಎದ್ದು ಬಂದೆ.

ಆಮೇಲೆ ಲೆಕ್ಕ ಬರೆಯುವವಳ ಬುದ್ಧಿ ಬಂತು. ಒಂದು ಚಿಕ್ಕ ನೋಟ್‌ಬುಕ್ ಮಾಡಿದೆ. ಪ್ರತಿ ಸೋಮವಾರ ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದು, ತಿಂಡಿಗೆ ಮೊದಲು, ಒಂದೇ ನೈಟಿಯಲ್ಲಿ ತೂಕ. ತಿಂಗಳಿಗೊಮ್ಮೆ ಹೊಕ್ಕುಳ ಮಟ್ಟದಲ್ಲಿ ಟೈಲರ್ ಟೇಪಿನಿಂದ ಸೊಂಟದ ಅಳತೆ. ಮುಂದಿನ ಸಲ ನೋಟ್‌ಬುಕ್ ತೆರೆದು ಮೇಜಿನ ಮೇಲಿಟ್ಟು ಹೇಳಿದೆ: "ಮಾತ್ರೆ ಶುರು ಮಾಡಿದಾಗ 54, ಈಗ 73. ಇದರಿಂದ ನಾನು ಒಂದು ಸಲ ಮಾತ್ರೆ ಬಿಟ್ಟೆ. ಮತ್ತೆ ಬಿಡಬಾರದು ಅಂತ ಇದೆ. ಏನಾದ್ರೂ ದಾರಿ ಇದೆಯಾ?" ಡಾಕ್ಟರ್ ಪೆನ್ ಕೆಳಗಿಟ್ಟರು. ಅದೇ ಡಾಕ್ಟರೇ. "ದಪ್ಪ ಆಗಿದೀನಿ" ಅಂದರೆ ಅವರ ಕಿವಿಗೆ ಅಂದಚೆಂದದ ಮಾತು. "ಮಾತ್ರೆ ಬಿಟ್ಟೆ" ಅಂದರೆ ಕಾಯಿಲೆಯ ಮಾತು.

ಶುರು ಮಾಡುವಾಗ ಇದ್ದ ತೂಕದ ಶೇಕಡಾ 5ಕ್ಕಿಂತ ಜಾಸ್ತಿ ಏರಿದರೆ ಮಾತ್ರೆ ಬದಲಿಸುವ ಬಗ್ಗೆ ಯೋಚಿಸಬೇಕು ಎಂದು 2004ರಲ್ಲೇ ಅಮೆರಿಕದ ಮಧುಮೇಹ ಮತ್ತು ಮನೋವೈದ್ಯರ ಸಂಘಗಳು ಸೇರಿ ಹೇಳಿದ್ದವು. 54 ಕೆಜಿಯವಳಿಗೆ ಅದು 3 ಕೆಜಿಗೂ ಕಡಿಮೆ. ನಾನು 19 ಏರುವವರೆಗೆ ಬಾಯಿ ಮುಚ್ಚಿಕೊಂಡಿದ್ದೆ! ಮೊದಲ ತಿಂಗಳಲ್ಲೇ ಜೋರಾಗಿ ಏರಿದವರಿಗೆ ಮುಂದೆಯೂ ಏರುವ ಸಂಭವ ಜಾಸ್ತಿ. ಏರುವ ಮೊದಲು ತಡೆಯುವುದು, ಏರಿದ್ದನ್ನು ಇಳಿಸುವುದಕ್ಕಿಂತ ಎಷ್ಟೋ ಸುಲಭ. ಇವತ್ತೇ ಮಾತ್ರೆ ಶುರುವಾಗಿದ್ದರೆ ಇವತ್ತೇ ತೂಕ ಬರೆದಿಡಿ.

ಇನ್ನೊಂದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮಗೆ ಕೊಡುವ ಚಿಕಿತ್ಸೆಯ ಬಗ್ಗೆ, ಅದರ ಅಡ್ಡ ಪರಿಣಾಮಗಳ ಬಗ್ಗೆ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ. ಕಾಯ್ದೆ ಹೆಸರು ಹೇಳಿ ಹೆದರಿಸಲು ಹೋಗಬೇಡಿ. ಕೇಳುವಾಗ ಸಂಕೋಚ ಬೇಡ ಅಷ್ಟೇ.

ಏನೇನು ಪರೀಕ್ಷೆ ಮಾಡಿಸಬೇಕು?

ತೂಕ, ಸೊಂಟ, ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್. ಮಾತ್ರೆ ಶುರುವಿನಲ್ಲಿ ಒಮ್ಮೆ, ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ. ಸೊಂಟಕ್ಕೆ ನಮ್ಮ ದೇಶದವರ ಅಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಅದನ್ನು ದಾಟಿದರೆ ಹುಷಾರು. ಲಿಥಿಯಂ ಇದ್ದರೆ ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್ ಮತ್ತು ಲಿಥಿಯಂ ಮಟ್ಟ ಕೂಡ. ಲಿಥಿಯಂನಿಂದ ಥೈರಾಯ್ಡ್ ಮಂದವಾದರೆ ಆ ಕಾರಣಕ್ಕೂ ತೂಕ ಏರುತ್ತದೆ, ಆಗ ಒಲಾಂಜಪಿನ್‌ಗೆ ಬೈದು ಪ್ರಯೋಜನ ಇಲ್ಲ.

ಲಿಥಿಯಂ ಮಟ್ಟಕ್ಕೆ ರಕ್ತ ಕೊಡುವುದು ಹಿಂದಿನ ಡೋಸ್ ಆಗಿ ಸುಮಾರು 12 ಗಂಟೆಗೆ. ಬೆಳಗಿನ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಸುಳ್ಳು ಲೆಕ್ಕ ಬರುತ್ತದೆ. ಮಾತ್ರೆಯನ್ನು ಪರ್ಸಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟು ಅಲ್ಲೇ ಇಡ್ಲಿ ತಿಂದು ನುಂಗುವುದು ನನ್ನ ಪದ್ಧತಿ.

ರಾತ್ರಿ ಮಾತ್ರೆ ತಗೊಂಡ ಮೇಲೆ ತಡೆಯೋಕಾಗದ ಹಸಿವು. ಏನು ಮಾಡ್ಲಿ?

ಈ ಹಸಿವು ಗೊತ್ತಿಲ್ಲದವರಿಗೆ ವಿವರಿಸುವುದು ಕಷ್ಟ. ನನಗೆ ಮಾತ್ರೆಯಾಗಿ ಮುಕ್ಕಾಲು ಗಂಟೆಗೆ ಶುರುವಾಗುತ್ತಿತ್ತು. ಬರೀ ಸಿಹಿ ಮತ್ತು ಕರಿದದ್ದು. ಅಡುಗೆ ಮನೆಯ ಲೈಟ್ ಹಾಕದೆ, ಚಕ್ಕುಲಿ ಡಬ್ಬದ ಮುಚ್ಚಳ ಸದ್ದಾಗದಂತೆ ಉಗುರಲ್ಲಿ ಎತ್ತುತ್ತಿದ್ದೆ. ಬ್ರೆಡ್ಡು ಜಾಮ್, ಅದು ಮುಗಿದರೆ ಬೆಲ್ಲ, ಅದೂ ಇಲ್ಲದಿದ್ದರೆ ಹಾರ್ಲಿಕ್ಸ್ ಪುಡಿಯನ್ನೇ ಚಮಚದಲ್ಲಿ. ಬೆಳಿಗ್ಗೆ ನಾಚಿಕೆ.

ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂಬ ಉಪದೇಶ ನನಗಂತೂ ಕೆಲಸ ಮಾಡಲಿಲ್ಲ. ಕೆಲಸ ಮಾಡಿದ್ದು ಸಮಯ. ಎಂಟಕ್ಕೆ ಊಟ, ಒಂಬತ್ತೂವರೆಗೆ ಹಲ್ಲುಜ್ಜುವುದು, ಹಾಸಿಗೆ ಹಾಕಿ, ಫೋನ್ ಚಾರ್ಜಿಗಿಟ್ಟು, ಕೊನೆಗೆ ಮಾತ್ರೆ. ಹಸಿವು ಏಳುವ ಹೊತ್ತಿಗೆ ನಿದ್ದೆ ಎಳೆದಿರುತ್ತದೆ. ನಿಮ್ಮ ಮಾತ್ರೆಯನ್ನು ಹಾಗೆ ಹಿಂದೆ ಮುಂದೆ ಮಾಡಬಹುದಾ ಎಂದು ಕೇಳಿಕೊಳ್ಳಿ.

ಎರಡನೆಯದು, ಮನೆಯಲ್ಲೇ ಇಲ್ಲದಿರುವುದು. ಬೇಕರಿಯಿಂದ ಖಾರಾ ಬನ್, ದಿಲ್‌ಪಸಂದ್ ತರುವುದು ನಿಲ್ಲಿಸಿದೆವು. ಅಪ್ಪ ಒಂದು ವಾರ ಮುಖ ಊದಿಸಿಕೊಂಡಿದ್ದರು. ತಡೆಯಲಾಗದ ರಾತ್ರಿಗಳಿಗೆ ಹೆಚ್ಚಿದ ಸೌತೆಕಾಯಿ, ಒಂದು ಹಿಡಿ ಹುರಿಗಡಲೆ, ದೊಡ್ಡ ಲೋಟದ ತುಂಬಾ ಮಜ್ಜಿಗೆ. ಹುರಿಗಡಲೆ ಒಳ್ಳೆಯದು, ಅಗಿದು ಅಗಿದು ದವಡೆ ಸೋಲುತ್ತದೆ.

ಹಗಲಲ್ಲಿ ನನ್ನ ಮಟ್ಟಿಗೆ ದೊಡ್ಡ ಕಳ್ಳ ಟೀ. ಆಫೀಸಿನಲ್ಲಿ ದಿನಕ್ಕೆ ಐದು, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಅಂದರೆ ಸುಮಾರು 50 ಗ್ರಾಂ, 200 ಕ್ಯಾಲೊರಿ, ಏನೂ ತಿಂದ ಹಾಗೇ ಇಲ್ಲ! ಮೊದಲು ಒಂದು ಚಮಚಕ್ಕೆ ಇಳಿಸಿದೆ, ಆಮೇಲೆ ಅರ್ಧಕ್ಕೆ. ಈಗ ಬೇರೆಯವರ ಮನೆಯ ಟೀ ಪಾಯಸದ ಹಾಗಿರುತ್ತದೆ.

ಅನ್ನ ಬಿಟ್ಟು ಮುದ್ದೆ ತಿಂದ್ರೆ ಇಳಿಯುತ್ತಾ?

ನಮ್ಮ ಕಡೆ ಈ ಪ್ರಶ್ನೆ ಬಾರದ ದಿನವಿಲ್ಲ. ರಾಗಿ ಒಳ್ಳೆಯದೇ, ನಾರು ಜಾಸ್ತಿ, ಸುಣ್ಣದಂಶ ಜಾಸ್ತಿ. ಆದರೆ ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಕ್ಕಿಯಲ್ಲಿ ಸುಮಾರು 350. ಅಂಥ ದೊಡ್ಡ ಅಂತರವೇನಿಲ್ಲ. ಮುದ್ದೆಯ ಗಾತ್ರ ಎಷ್ಟು ಎಂಬುದೇ ಪ್ರಶ್ನೆ. ಹೊಲದಲ್ಲಿ ದುಡಿದು ಬರುವ ಮಾವನಿಗೆ ಕಟ್ಟುವ ಮುದ್ದೆಯನ್ನೇ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವ ನನಗೂ ಕಟ್ಟಿದರೆ ಹೇಗೆ?

ನಾವು ಮಾಡಿದ್ದು ಇಷ್ಟು. ಮುದ್ದೆ ನಿಂಬೆಹಣ್ಣಿಗಿಂತ ದೊಡ್ಡದು, ಕಿತ್ತಳೆಗಿಂತ ಚಿಕ್ಕದು. ಬಸ್ಸಾರಿನ ಪಲ್ಯ ತಟ್ಟೆಯ ಅರ್ಧ. ಬಸಿದ ಸೊಪ್ಪು, ಹೆಸರುಕಾಳು, ಹುರುಳಿಕಾಳು ಮೊದಲು ತಿನ್ನುವುದು, ಮುದ್ದೆ ಆಮೇಲೆ. ಮೊಟ್ಟೆ ತಿನ್ನುವವರಾದರೆ ಬೆಳಿಗ್ಗೆ ಎರಡು ಬೇಯಿಸಿದ್ದು. ಬೆಳಗಿನ ಚೌಚೌ ಬಾತ್ ಭಾನುವಾರಕ್ಕೆ ಮಾತ್ರ, ಅದನ್ನೂ ಬಿಡು ಎನ್ನಲು ನಾನ್ಯಾರು.

ಮೈ ಭಾರ, ಜೋಂಪು. ವ್ಯಾಯಾಮ ಎಲ್ಲಿಂದ ಮಾಡೋದು?

ಬೆಳಗಿನ ಐದೂವರೆಯ ವಾಕಿಂಗ್ ಮಾತ್ರೆ ತಿನ್ನುವವರಿಗೆ ಹೇಳಿ ಮಾಡಿಸಿದ್ದಲ್ಲ. ಸಂಜೆ ಮಾಡಿ. ಬಸ್ಸು ಒಂದು ಸ್ಟಾಪ್ ಮೊದಲೇ ಇಳಿದು ನಡೆಯುವುದರಿಂದ ನಾನು ಶುರು ಮಾಡಿದೆ. ಬೆಳಿಗ್ಗೆ ಹತ್ತಾದರೂ ತಲೆ ಎತ್ತಲಾಗದಿದ್ದರೆ ಡೋಸ್ ಅಥವಾ ಸಮಯದ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ.

ತೂಕ ಇಳಿಸೋಕೆ ಮೆಟ್‌ಫಾರ್ಮಿನ್ ಕೊಡ್ತಾರಂತೆ? ನನಗೆ ಸಕ್ಕರೆ ಕಾಯಿಲೆ ಇಲ್ವಲ್ಲ.

ಸಕ್ಕರೆ ಕಾಯಿಲೆ ಇಲ್ಲದಿದ್ದರೂ ಕೊಡುತ್ತಾರೆ. ಒಲಾಂಜಪಿನ್, ಕ್ಲೋಜಪಿನ್‌ನಿಂದ ಏರುವ ತೂಕಕ್ಕೆ ಇದು ಚೆನ್ನಾಗಿ ಪರೀಕ್ಷೆಯಾದ ಮಾತ್ರೆ. ಪವಾಡ ಏನಿಲ್ಲ, ಸರಾಸರಿ 3 ಕೆಜಿ ಆಸುಪಾಸು. ಬೇಗ ಶುರು ಮಾಡಿದರೆ ಲಾಭ ಜಾಸ್ತಿ. ಮೊದಲ ವಾರ ಹೊಟ್ಟೆ ಕೆಡುತ್ತದೆ, ಊಟದ ಜೊತೆ ತೆಗೆದುಕೊಂಡರೆ ವಾಸಿ. ಕಿಡ್ನಿ ಪರೀಕ್ಷೆ ನೋಡಿಯೇ ಕೊಡಬೇಕು, ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಕೂಡ ನೋಡಿಸಬೇಕು. ಬೆಲೆ ಏನೂ ಇಲ್ಲ, ಜನೌಷಧಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅಂಗಡಿಯವನನ್ನು ಕೇಳಿ ನೀವೇ ಶುರು ಮಾಡಬೇಡಿ.

ಈಗ ಎಲ್ಲರೂ ಮಾತಾಡುವ ಸೆಮಾಗ್ಲುಟೈಡ್ ಇಂಜೆಕ್ಷನ್ ತೂಕವನ್ನು ಇನ್ನೂ ಜಾಸ್ತಿ ಇಳಿಸುತ್ತದೆ. ನಾನು ತೆಗೆದುಕೊಂಡಿಲ್ಲ. ಲಿಥಿಯಂ ತೆಗೆದುಕೊಳ್ಳುವವರಿಗೆ ಅದರ ವಾಂತಿ, ಭೇದಿ ಸಣ್ಣ ವಿಷಯವಲ್ಲ. ಯಾಕೆ ಎಂದು ಕೆಳಗೆ ಹೇಳಿದ್ದೇನೆ.

ಬೊಜ್ಜು ಕರಗಿಸೋ ಪುಡಿ, ಕಷಾಯ?

ಬೇಡ. ಚೀಟಿಯಲ್ಲಿ ಬರೆಯದ ವಸ್ತುಗಳು ಅಂಥ ಪುಡಿಗಳಲ್ಲಿ ಸಿಕ್ಕಿಬಿದ್ದ ಉದಾಹರಣೆಗಳು ಬೇಕಾದಷ್ಟಿವೆ. ಭಾರತದಲ್ಲಿ ನಿಷೇಧವಾಗಿರುವ, ತೂಕ ಇಳಿಸುವ ಸಿಬುಟ್ರಮಿನ್ ಎಂಬ ಔಷಧ ಕೂಡ. ಮೂತ್ರ ಹೆಚ್ಚಿಸಿ "ತೂಕ ಇಳಿಸುವ" ಔಷಧ ಲಿಥಿಯಂ ಜೊತೆ ಸೇರಿದರೆ ನೇರ ಅಪಾಯ.

ಲಿಥಿಯಂ ಶುರುವಾದ ಮೇಲೆ ವಿಪರೀತ ಬಾಯಾರಿಕೆ, ಕೈ ನಡುಕ. ಇದು ಸರಿನಾ?

ಬಾಯಾರಿಕೆ, ಪದೇ ಪದೇ ಮೂತ್ರ, ಬೆರಳಿನ ಸಣ್ಣ ನಡುಕ ಬಹಳ ಜನಕ್ಕೆ ಆಗುತ್ತವೆ. ನನಗೆ ಚೆಕ್ ಮೇಲೆ ಸಹಿ ಹಾಕುವಾಗ ಗೊತ್ತಾಗುತ್ತಿತ್ತು. ಬಾಯಾರಿಕೆಗೆ ನೀರು ಕುಡಿಯಿರಿ. ನಾನು ಮೊದಲ ಬೇಸಿಗೆ ಪೂರ್ತಿ ಶರಬತ್ತು, ಬಾಟಲಿ ಜ್ಯೂಸ್ ಕುಡಿದು ಎಷ್ಟು ಕೆಜಿ ಏರಿಸಿಕೊಂಡೆನೋ.

ಇಲ್ಲಿ ಒಂದು ಮುಖ್ಯ ಮಾತು. ಲಿಥಿಯಂ ಕಿಡ್ನಿಯಲ್ಲಿ ಉಪ್ಪಿನ ಬೆನ್ನು ಹತ್ತಿ ಹೋಗುವ ವಸ್ತು. ಮೈಯಲ್ಲಿ ಉಪ್ಪು, ನೀರು ಕಡಿಮೆಯಾದರೆ ಕಿಡ್ನಿ ಉಪ್ಪನ್ನು ಹಿಡಿದಿಡುತ್ತದೆ, ಜೊತೆಗೆ ಲಿಥಿಯಂ ಅನ್ನೂ. ರಕ್ತದಲ್ಲಿ ಮಟ್ಟ ಏರಿ ವಿಷವಾಗಬಹುದು. ಆದ್ದರಿಂದ ಡಯಟ್ ಎಂದು ದಿಢೀರನೆ ಉಪ್ಪು ಬಿಡಬೇಡಿ. ನೀರೂ ಕುಡಿಯದ ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಿ. ವಾಂತಿ ಭೇದಿ ಆದರೆ ಅವತ್ತೇ ಫೋನ್ ಮಾಡಿ.

ಮಂಡಿ ನೋವಿಗೆ ಮೆಡಿಕಲ್ ಶಾಪಿನಲ್ಲಿ ಸಲೀಸಾಗಿ ಕೊಡುವ ಡೈಕ್ಲೋಫಿನಾಕ್, ಐಬುಪ್ರೊಫೇನ್ ಕೂಡ ಲಿಥಿಯಂ ಮಟ್ಟ ಏರಿಸುತ್ತವೆ. ಕೆಲವು ಬಿಪಿ ಮಾತ್ರೆಗಳೂ ಏರಿಸುತ್ತವೆ. "ನಾನು ಲಿಥಿಯಂ ತಗೊಳ್ತೀನಿ" ಎಂದು ಪ್ರತಿ ಡಾಕ್ಟರಿಗೂ, ಹಲ್ಲಿನ ಡಾಕ್ಟರಿಗೂ ಹೇಳಿ. ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ನಡೆಯುತ್ತದೆ.

ಬೇರೆ ತೊಂದರೆಗಳು? ಜೊಲ್ಲು, ಮಲಬದ್ಧತೆ, ಕೂತಲ್ಲಿ ಕೂರೋಕಾಗದು...

ರಾತ್ರಿ ದಿಂಬು ಒದ್ದೆಯಾಗುವಷ್ಟು ಜೊಲ್ಲು ಕ್ಲೋಜಪಿನ್‌ನವರಿಗೆ ಮಾಮೂಲು. ದಿಂಬಿನ ಮೇಲೆ ಟವೆಲ್ ಹಾಕಿ, ಡಾಕ್ಟರಿಗೂ ಹೇಳಿ. ಅದೇ ಕ್ಲೋಜಪಿನ್‌ನಿಂದ ಆಗುವ ಮಲಬದ್ಧತೆ ಮಾತ್ರ ತಮಾಷೆಯಲ್ಲ, ಕರುಳೇ ನಿಂತು ಪ್ರಾಣಕ್ಕೆ ಬಂದದ್ದಿದೆ. ಮೂರು ದಿನ ಆಗಿಲ್ಲ, ಹೊಟ್ಟೆ ಉಬ್ಬಿದೆ ಎಂದರೆ ಬಾಳೆಹಣ್ಣು ತಿಂದು ಕಾಯಬೇಡಿ.

ಕೂತರೆ ಏಳಬೇಕು, ಎದ್ದರೆ ನಡೆಯಬೇಕು ಎನ್ನುವ ಒಳಗಿನ ಚಡಪಡಿಕೆಗೆ ಅಕಾಥಿಸಿಯಾ ಎನ್ನುತ್ತಾರೆ. ಮನೆಯವರು ಕಾಯಿಲೆ ಜಾಸ್ತಿಯಾಯಿತು ಎಂದುಕೊಳ್ಳುತ್ತಾರೆ. ಮಾತ್ರೆಯದ್ದು ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಕೈಕಾಲು ಬಿಗಿತ, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಬಾಯಿ ಒಣಗಿಸುತ್ತದೆ, ಮರೆವು ತರುತ್ತದೆ. ವರ್ಷಗಳಿಂದ ಸುಮ್ನೆ ಚೀಟಿಯಲ್ಲಿ ಮುಂದುವರಿದಿದ್ದರೆ ಇನ್ನೂ ಬೇಕಾ ಎಂದು ಕೇಳಿ.

ಬೀಡಿ ಸಿಗರೇಟು ಸೇದುವವರಿಗೆ ಒಂದು ಮಾತು. ಹೊಗೆಯಿಂದ ಒಲಾಂಜಪಿನ್, ಕ್ಲೋಜಪಿನ್ ಬೇಗ ಕರಗಿಹೋಗುತ್ತವೆ. ಒಮ್ಮೆಲೇ ಬಿಟ್ಟರೆ ಅದೇ ಡೋಸ್ ಜಾಸ್ತಿಯಾಗಿಬಿಡಬಹುದು. ಖಂಡಿತ ಬಿಡಿ, ಡಾಕ್ಟರಿಗೆ ಹೇಳಿ ಬಿಡಿ.

ಮುಟ್ಟು ನಿಂತಿದೆ. ಗಂಡ ಹೆಂಡತಿ ವಿಷಯದಲ್ಲೂ ಆಸಕ್ತಿ ಇಲ್ಲ. ಹೇಳೋಕೆ ನಾಚಿಕೆ.

ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್‌ನಂಥವು ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿಸುತ್ತವೆ. ಮುಟ್ಟು ನಿಲ್ಲುವುದು, ಬಾಣಂತಿಯಲ್ಲದಿದ್ದರೂ ಎದೆಯಲ್ಲಿ ಹಾಲು ಬರುವುದು ಅದರಿಂದ. ಗಂಡಸರಿಗೂ ತೊಂದರೆ ಆಗುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಬಾಯಲ್ಲಿ ಹೇಳಲಾಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ. ನಾನು ಹಾಗೇ ಮಾಡಿದ್ದು, ಕೋಣೆಯಲ್ಲಿ ಅಪ್ಪ ಇದ್ದರು.

ವ್ಯಾಲ್‌ಪ್ರೋಯೇಟ್ ತೆಗೆದುಕೊಳ್ಳುವ ಹೆಣ್ಣುಮಕ್ಕಳು ಇನ್ನೊಂದು ತಿಳಿದಿರಬೇಕು. ಗರ್ಭದಲ್ಲಿರುವ ಮಗುವಿಗೆ ಅದು ಹಾನಿ ಮಾಡುತ್ತದೆ, ಬೆನ್ನುಹುರಿಗೂ ಬುದ್ಧಿ ಬೆಳವಣಿಗೆಗೂ. ಮದುವೆ ಗೊತ್ತಾದಾಗಲೇ ಡಾಕ್ಟರ್ ಹತ್ತಿರ ಮಾತಾಡಿ. ಬಸಿರಾದ ಮೇಲೆ ಗಾಬರಿಯಲ್ಲಿ ನೀವೇ ನಿಲ್ಲಿಸುವ ಹಾಗಾಗಬಾರದು.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ಲಿಥಿಯಂ ಇದ್ದು ನಡುಕ ಜೋರಾಗಿ, ನಡಿಗೆ ತೂರಾಡಿ, ಮಾತು ತೊದಲಿ, ವಾಂತಿ ಭೇದಿ ಆದರೆ. ಮೈ ಮರದಂತೆ ಬಿಗಿದು ಜ್ವರ ಏರಿ ಗೊಂದಲ ಆದರೆ. ಕ್ಲೋಜಪಿನ್ ಇದ್ದು ಜ್ವರ, ಗಂಟಲು ನೋವು ಬಂದರೆ ಅವತ್ತೇ ಬಿಳಿಕಣದ ಪರೀಕ್ಷೆ. ಲ್ಯಾಮೊಟ್ರಿಜಿನ್ ಶುರುವಾಗಿ ಮೈಮೇಲೆ ಗಂಧೆ, ಬಾಯಲ್ಲಿ ಹುಣ್ಣು ಎದ್ದರೆ. ಸಾಯಬೇಕು ಎನಿಸಿದರೆ. ಇವಕ್ಕೆ ಬೆಳಗಾಗಲಿ ಎಂದು ಕಾಯಬೇಡಿ.

ಮನಸ್ಸಿನ ವಿಷಯಕ್ಕೆ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಔಷಧದ ಅಡ್ಡ ಪರಿಣಾಮವನ್ನು ಸರ್ಕಾರಕ್ಕೆ ವರದಿ ಮಾಡಲು 1800-180-3024. ರೋಗಿಗಳೇ ಮಾಡಬಹುದು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಮನೆಯವರು ಏನು ಮಾಡಬಹುದು?

ತಟ್ಟೆ ನೋಡಿ ಎಣಿಸಬೇಡಿ. "ಮಾತ್ರೆ ತಗೊಂಡ್ಯಾ, ಎಷ್ಟ್ ತಿಂದೆ" ಎಂದು ಒಂದೇ ಉಸಿರಿನಲ್ಲಿ ಕೇಳಬೇಡಿ. ಮನೆಯ ಅಡುಗೆಯೇ ಬದಲಾದರೆ ಒಬ್ಬರಿಗೆ ಪಥ್ಯ ಎನಿಸುವುದಿಲ್ಲ. ನಮ್ಮಮ್ಮ ಎರಡನೇ ಸಲ ಅನ್ನ ಬಡಿಸಲು ಸೌಟು ಹಿಡಿದು ಬರುತ್ತಿದ್ದರು, ಬೇಡ ಅಂದರೆ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಈಗ ಸೌಟಿನ ಬದಲು ಕೋಸಂಬರಿ ಬಟ್ಟಲು ಹಿಡಿದು ಬರುತ್ತಾರೆ. ಬಡಿಸುವುದನ್ನು ನಿಲ್ಲಿಸು ಎಂದರೆ ಅವರು ಒಪ್ಪುತ್ತಿರಲಿಲ್ಲ.

ಮದುವೆ ಮನೇಲಿ "ಏನೇ ಇಷ್ಟು ದಪ್ಪ ಆಗ್ಬಿಟ್ಟಿದೀಯ" ಅಂತಾರೆ. ಏನು ಹೇಳ್ಲಿ?

"ಹೌದು ಅತ್ತೆ, ಊಟ ಆಯ್ತಾ?" ಇಷ್ಟೇ. ಕಾಯಿಲೆಯ ವಿಷಯ ಅವರಿಗೆ ಹೇಳಬೇಕಿಲ್ಲ. ಥೈರಾಯ್ಡ್ ಎಂದು ಸುಳ್ಳು ಹೇಳಿದ್ದೂ ಇದೆ ನಾನು. ಆಮೇಲೆ ಥೈರಾಯ್ಡಿಗೆ ಮನೆಮದ್ದು ಕೇಳುತ್ತಾ ಒಂದು ಗಂಟೆ ಕೂರಬೇಕಾಯಿತು.

ಮೊದಲಿನ ತೂಕ ವಾಪಸ್ ಬರುತ್ತಾ?

ಕೆಲವರಿಗೆ ಬರುತ್ತದೆ, ಮುಖ್ಯವಾಗಿ ಮಾತ್ರೆ ಬದಲಾದಾಗ. ನನಗೆ ಬರಲಿಲ್ಲ. ಆಸ್ಪತ್ರೆಯಿಂದ ಬಂದಾಗ 73 ಇದ್ದೆ. ಡಾಕ್ಟರ್ ಒಲಾಂಜಪಿನ್ ಅನ್ನು ನಿಧಾನವಾಗಿ ಅರ್ಧಕ್ಕೆ ಇಳಿಸಿದರು, ಮೆಟ್‌ಫಾರ್ಮಿನ್ ಸೇರಿಸಿದರು. ಒಂದೂವರೆ ವರ್ಷಕ್ಕೆ 64 ಆಯಿತು. ಅಲ್ಲಿಂದ ಎರಡು ಕೆಜಿ ಮೇಲೆ, ಎರಡು ಕೆಜಿ ಕೆಳಗೆ. 54 ಈಗ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಮಾತ್ರ ಇದೆ. ಸಕ್ಕರೆ ಗಡಿ ದಾಟಿಲ್ಲ, ನಿದ್ದೆ ಬರುತ್ತದೆ.

ಹೋದ ವರ್ಷ ತಂಗಿಯ ಮಗನ ನಾಮಕರಣಕ್ಕೆ ಹೊಸ ಬ್ಲೌಸ್ ಹೊಲಿಸಿದೆ. ಅದೇ ಟೈಲರ್. ಅಳತೆ ಬರೆದುಕೊಂಡು, ಕನ್ನಡಕದ ಮೇಲಿಂದ ನೋಡಿ "ಒಳಗೆ ಬಟ್ಟೆ ಬಿಡ್ಲೇನಮ್ಮಾ?" ಅಂದರು.

"ಎರಡಿಂಚು ಬಿಡಿ" ಅಂದೆ.